ಕೆರೆಗೆ ಊರಿದೆ, ಹಳ್ಳಕ್ಕೆ ಯಾರಿದ್ದಾರೆ?

ಬೇಸಿಗೆ ಬಲಿತು ಕೆರೆಯ ನೀರು ಇಳಿದಾಗ ಸೊರಬ, ಸಾಗರ, ಶಿಕಾರಿಪುರದ ಕಡೆ ಕೆರೆಬೇಟೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳಿಗೆ ಮೊದಲೇ ಸುದ್ದಿ ಮುಟ್ಟಿರುತ್ತದೆ. ಬೆಳಗ್ಗೆಯೇ ಮೀನು ಹಿಡಿಯುವ ಕೂಣಿ ಹೊತ್ತ ಜನ ಏರಿಯ ಮೇಲೆ ಸೇರುತ್ತಾರೆ. ಊರ ಹಿರಿಯರ ಅಪ್ಪಣೆ ಸಿಕ್ಕಿದ್ದೇ ತಡ, ನೂರಾರು ಮಂದಿ ಒಟ್ಟಿಗೆ ನೀರಿಗಿಳಿಯುತ್ತಾರೆ. ಕೂಣಿಗೆ ಇಷ್ಟು ಎಂದು ಹಣ ಕಟ್ಟಿಸಿಕೊಳ್ಳುವುದು, ಆ ಹಣ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗುವುದು ಎಲ್ಲವೂ ಲೆಕ್ಕಾಚಾರದಲ್ಲೇ ನಡೆಯುತ್ತದೆ. ನೀರಿನ ಸುತ್ತ ಒಟ್ಟಾಗುವುದನ್ನು ಈ ಸೀಮೆಯ ಜನಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಆದರೆ ಆ ಕೆರೆಗೆ ನೀರು ತರುವ ಹಳ್ಳದ ಬಳಿ ಯಾರೂ ಸೇರುವುದಿಲ್ಲ. ಅಲ್ಲಿಗೆ ಬರುವುದು ರಾತ್ರಿ ಹೊತ್ತು ಸೇತುವೆಯ ಮೇಲೆ ಒಂದು ಗಳಿಗೆ ನಿಂತು ಹೋಗುವ ಗೂಡ್ಸ್ ಗಾಡಿ. ಕೋಳಿ ಅಂಗಡಿಯ ಪುಕ್ಕ-ಕರುಳಿನ ಚೀಲ, ಮದುವೆ ಮನೆಯ ಪ್ಲಾಸ್ಟಿಕ್ ತಟ್ಟೆ-ಲೋಟ, ಔಷಧಿ ಹೊಡೆದು ಖಾಲಿಯಾದ ಡಬ್ಬಿ, ಮಕ್ಕಳ ಡೈಪರ್ ಎಲ್ಲವೂ ಕೆಳಗೆ ಬೀಳುತ್ತವೆ. ಮಳೆ ಬಂದಾಗ ಇವೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಕೇಳುವ ಅಗತ್ಯವಿಲ್ಲ. ಹಳ್ಳದ ಕೊನೆಯಲ್ಲಿ ಕೆರೆಯೇ ಇದೆ. ಊರೆಲ್ಲ ಸೇರಿ ಮೀನು ಹಿಡಿದು ತಿನ್ನುವ ಅದೇ ಕೆರೆ.

ಸೊರಬ, ಶಿಕಾರಿಪುರ ಎರಡು ತಾಲ್ಲೂಕುಗಳ ನೆಲದ ಏರಿಳಿತ ಒಮ್ಮೆ ಅರ್ಥವಾದರೆ ಹಳ್ಳದ ಮಹತ್ವ ತಾನಾಗಿ ತಿಳಿಯುತ್ತದೆ. ಸಾಗರ ತಾಲ್ಲೂಕಿನ ಇಕ್ಕೇರಿ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದಾ ಸೊರಬದ ನೆಲ ಹಾದು ಬನವಾಸಿಯತ್ತ ಹರಿಯುತ್ತದೆ. ಸೊರಬ ಪಟ್ಟಣದ ಮಗ್ಗುಲಲ್ಲೇ ಹರಿಯುವ ದಂಡಾವತಿ ಮುಂದೆ ವರದೆಯನ್ನು ಸೇರುತ್ತದೆ. ಹೊಸನಗರ ತಾಲ್ಲೂಕಿನ ಹುಂಚದ ಕಡೆಯಿಂದ ಬರುವ ಕುಮುದ್ವತಿ ಶಿಕಾರಿಪುರ ತಾಲ್ಲೂಕಿನಲ್ಲಿ ಅಂಜನಾಪುರ ಜಲಾಶಯವನ್ನು ತುಂಬಿಸಿ, ಮಾಸೂರಿನ ಮದಗದ ಕೆರೆಯ ದಾರಿ ಹಿಡಿಯುತ್ತದೆ. ಎಲ್ಲವೂ ಕಡೆಗೆ ತುಂಗಭದ್ರೆಗೇ. ಈ ಮೂರು ಹೆಸರು ಭೂಪಟದಲ್ಲಿ ಸಿಗುತ್ತವೆ. ಇವನ್ನು ಹೊಳೆಯಾಗಿಸುವ ನೂರಾರು ಹಳ್ಳಗಳಲ್ಲಿ ಬಹುಪಾಲಿಗೆ ಊರ ಬಾಯಿಯಲ್ಲಿ ಬಿಟ್ಟರೆ ಎಲ್ಲೂ ಹೆಸರಿಲ್ಲ.

ಈ ಹೊಳೆ-ಹಳ್ಳಗಳ ನಡುವೆ ಕೆರೆಗಳಿವೆ. ಪಶ್ಚಿಮದ ಚಂದ್ರಗುತ್ತಿಯ ಕಡೆ ಮಳೆ ಹೆಚ್ಚು, ಪೂರ್ವಕ್ಕೆ ಶಿಕಾರಿಪುರದತ್ತ ಬಂದಂತೆ ಕಡಿಮೆ. ಈ ಅರೆಮಲೆನಾಡಿನಲ್ಲಿ ನಮ್ಮ ಹಿಂದಿನವರು ಇಳಿಜಾರಿನ ಉದ್ದಕ್ಕೂ ಕೆರೆ ಕಟ್ಟಿದರು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಐದನೆಯ ಶತಮಾನದ ಕಂಬದ ಶಾಸನ ಕದಂಬರ ವಂಶಾವಳಿಗಾಗಿ ಪ್ರಸಿದ್ಧ. ಅದು ಮೂಲದಲ್ಲಿ ಕಾಕುಸ್ಥವರ್ಮ ಕಟ್ಟಿಸಿದ ಒಂದು ಕೆರೆಯ ದಾಖಲೆ ಎಂಬುದನ್ನು ಪರೀಕ್ಷೆಗೆ ಓದುವ ಮಕ್ಕಳೂ ಮರೆಯುತ್ತಾರೆ. ಹದಿನೈದು ಶತಮಾನದ ಅಭ್ಯಾಸ ಇದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳವಾಗಿ ಇಳಿದು ಕೆಳಗಿನ ಕೆರೆ ಸೇರಬೇಕು. ಅದು ತುಂಬಿದರೆ ಮುಂದಿನದಕ್ಕೆ. ಈ ಸರಣಿಯಲ್ಲಿ ಒಂದು ಹಳ್ಳ ಕಟ್ಟಿಕೊಂಡರೆ ಅದರ ಕೆಳಗಿನ ಅಷ್ಟೂ ಕೆರೆಗಳ ಗತಿ ಕೆಡುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಎಕರೆ ನೆಲದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4 ಲಕ್ಷ ಲೀಟರ್ ನೀರು, ಅಂದರೆ 5,000 ಲೀಟರಿನ 80 ಟ್ಯಾಂಕರ್. ಜುಲೈನ ಒಂದು ಒಳ್ಳೆಯ ವಾರದಲ್ಲಿ ಇಷ್ಟು ಮಳೆ ಈ ಕಡೆ ಹೊಸದೇನಲ್ಲ. ಇದರಲ್ಲಿ ಎಷ್ಟು ಪಾಲು ನೆಲದೊಳಗೆ ಇಳಿಯುತ್ತದೆ, ಎಷ್ಟು ಕೆರೆ ಸೇರುತ್ತದೆ, ಎಷ್ಟು ಮಣ್ಣು ಹೊತ್ತುಕೊಂಡು ಓಡಿಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಹಳ್ಳ ಮತ್ತು ಅದರ ಎರಡು ದಂಡೆಗಳು.

ಹಾಗಿದ್ದೂ ಸರ್ಕಾರ, ಮಠ, ಸಂಘ, ಸಂಸ್ಥೆ ಎಲ್ಲರ ಕಣ್ಣು ಕೆರೆಯ ಮೇಲೇ. 2002ರಿಂದ ವಿಶ್ವಬ್ಯಾಂಕ್ ನೆರವಿನಲ್ಲಿ ಜಲ ಸಂವರ್ಧನೆ ಯೋಜನಾ ಸಂಘ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ರಾಜ್ಯದ ಉದ್ದಗಲಕ್ಕೆ ಹೂಳೆತ್ತಿಸಿತು. 2022ರಲ್ಲಿ ಜಿಲ್ಲೆಗೆ 75ರಂತೆ ಅಮೃತ ಸರೋವರಗಳು ಬಂದವು. ಎಲ್ಲವೂ ಒಳ್ಳೆಯ ಕೆಲಸಗಳೇ. ಹೊಟ್ಟೆ ನೋವೆಂದರೆ ಹೊಟ್ಟೆಗೇ ಎಣ್ಣೆ ತಿಕ್ಕುವ ಉಪಚಾರದ ಹಾಗೆ, ತಿಂದದ್ದೇನು ಎಂದು ಮಾತ್ರ ವಿಚಾರಿಸಲಿಲ್ಲ. ಕೆರೆಯ ಹೂಳು ಬಂದದ್ದು ಹಳ್ಳದಿಂದ, ಹಳ್ಳಕ್ಕೆ ಬಂದದ್ದು ಕುಸಿದ ದಂಡೆಯಿಂದ ಮತ್ತು ಬೋಳಾದ ಗುಡ್ಡದಿಂದ. ಅವನ್ನು ಹಾಗೇ ಬಿಟ್ಟು ಕೆರೆಯ ಹೂಳೆತ್ತಿದರೆ ಕೆಲವು ಮಳೆಗಾಲ ಕಳೆಯುವುದರೊಳಗೆ ಮತ್ತೆ ಹೂಳೆತ್ತಬೇಕು. ಗುತ್ತಿಗೆದಾರರಿಗೆ ಇದರಿಂದ ಬೇಸರವಾಗದಿರಬಹುದು.

ಕೆರೆಗೆ ಯಜಮಾನರಿರುವುದೂ ಇದಕ್ಕೊಂದು ಕಾರಣ. 40 ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕವು ಪಂಚಾಯಿತಿಯವು. ಹಳ್ಳ ಹಾಗಲ್ಲ. ಮೂಲದಲ್ಲಿ ಅರಣ್ಯ ಇಲಾಖೆಯ ನೆಲ, ನಡುವೆ ಕಂದಾಯ ಭೂಮಿ, ಸೇತುವೆ ಬಂದಲ್ಲಿ ಲೋಕೋಪಯೋಗಿ, ಊರು ಬಂದಲ್ಲಿ ಪಂಚಾಯಿತಿ. ನಾಲ್ವರದು ಅಂದರೆ ಯಾರದೂ ಅಲ್ಲ. ಸ್ವಯಂಸೇವಕರಿಗೆ ಜಾಗ ಇರುವುದೇ ಇಲ್ಲಿ.

ಹಾಗಾದರೆ ಹಳ್ಳ ಸ್ವಚ್ಛ ಮಾಡುವುದು ಎಂದರೇನು? ಮೊದಲಿಗೆ ಕಣ್ಣಿಗೆ ಕಾಣುವ ಕಸ. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಒಂದು ಭಾನುವಾರದ ಶ್ರಮದಾನ ಸಾಕು. ಆದರೆ ಹೆಕ್ಕಿದ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪಂಚಾಯಿತಿಯ ಜೊತೆ ಮೊದಲೇ ಮಾತಾಡಿಕೊಳ್ಳದಿದ್ದರೆ ದಂಡೆಯ ಮೇಲೆ ರಾಶಿ ಹಾಕಿದ್ದು ಮುಂಗಾರಿಗೆ ಮತ್ತೆ ನೀರಿಗೆ ಇಳಿಯುತ್ತದೆ. ಮುಂದಿನ ಸಲ ಕಸ ಬೀಳದ ಹಾಗೆ ನೋಡಿಕೊಳ್ಳುವುದು ನಿಜವಾದ ಕಷ್ಟ. ಸೇತುವೆಯ ಅಂಚಿಗೆ ಒಂದು ಜಾಲರಿ, ಬೀದಿದೀಪ, ಕೋಳಿ ಅಂಗಡಿಯವರ ಜೊತೆ ನೇರ ಮಾತು – ಇವು ಪೊರಕೆಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಈ ಭಾಗದ್ದೇ ಆದ ಇನ್ನೊಂದು ಕಸ ಅಡಿಕೆ ಸಿಪ್ಪೆ. ಭತ್ತದ ಗದ್ದೆಗಳು ತೋಟವಾಗುತ್ತಾ ಬಂದಂತೆ ಸುಲಿದ ಸಿಪ್ಪೆಯ ರಾಶಿ ರಸ್ತೆ ಬದಿ, ಹಳ್ಳದ ಬದಿ ಬೆಳೆಯುತ್ತಿದೆ. ಸಿಪ್ಪೆ ಮಣ್ಣಿಗೆ ಸೇರಿದರೆ ಗೊಬ್ಬರ, ಅದರಿಂದ ತೊಂದರೆ ಏನು ಎಂದು ಕೇಳುವವರುಂಟು. ಮಣ್ಣಿನಲ್ಲಿ ತೊಂದರೆಯಿಲ್ಲ, ನೀರಿನಲ್ಲಿದೆ. ಕೊಳೆಯುವ ಯಾವ ವಸ್ತುವೂ ಕೊಳೆಯಲು ಆಮ್ಲಜನಕ ಬೇಡುತ್ತದೆ. ನೀರಿಗೆ ಬಿದ್ದರೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ತಿನ್ನುತ್ತದೆ. ಸುಗ್ಗಿ ಮುಗಿಯುವ ಹೊತ್ತಿಗೆ ಹಳ್ಳದ ಹರಿವೂ ಸಣ್ಣದಾಗಿರುತ್ತದೆ, ಹೊಸ ಗಾಳಿ ಬೆರೆಯುವುದಿಲ್ಲ. ನೀರು ಕಪ್ಪಾಗಿ ವಾಸನೆ ಬರುತ್ತದೆ, ಮೀನು ಮೇಲೆದ್ದು ಬಾಯಿ ಬಿಡುತ್ತವೆ. ವಿಷ ಹಾಕಿದರೇನೋ ಎಂದು ಊರಲ್ಲಿ ಸಂಶಯ ಏಳುತ್ತದೆ. ಹಾಕಿದ್ದು ಬರಿಯ ಸಿಪ್ಪೆ. ಅದೇ ಸಿಪ್ಪೆಯನ್ನು ತೋಟಕ್ಕೆ ಹೊದಿಕೆಯಾಗಿ ಹರಡಿದರೆ ತೇವ ಉಳಿಯುತ್ತದೆ, ಸಗಣಿ ನೀರು ಹಾಕಿ ಗುಂಡಿಯಲ್ಲಿ ಕೊಳೆಸಿದರೆ ಗೊಬ್ಬರವಾಗುತ್ತದೆ.

ಗಿಡಗಂಟಿಯ ವಿಷಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ಶ್ರಮದಾನದ ಉತ್ಸಾಹದಲ್ಲಿ ಕತ್ತಿ ಹಿಡಿದವರಿಗೆ ಎಲ್ಲವೂ ಕಳೆಯಾಗಿ ಕಾಣುತ್ತದೆ. ಅಂತರಗಂಗೆ ತೆಗೆಯಲೇಬೇಕಾದದ್ದು. ಅದು ನೀರಿನ ಮೇಲೆ ಹಾಸಿಗೆಯಂತೆ ಹರಡಿ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. ತೆಗೆದದ್ದನ್ನು ದೂರ ಸಾಗಿಸಿ ಗೊಬ್ಬರ ಮಾಡಬೇಕು. ಮತ್ತೆ ಮತ್ತೆ ಬರುತ್ತಿದ್ದರೆ ಮೇಲೆಲ್ಲೋ ಚರಂಡಿ ನೀರೋ ಗೊಬ್ಬರದ ನೀರೋ ಸೇರುತ್ತಿದೆ ಎಂದು ತಿಳಿಯಬೇಕು. ಲಂಟಾನ, ಕಮ್ಯುನಿಸ್ಟ್ ಗಿಡ ಇವನ್ನೂ ಕೀಳಬಹುದು. ಆದರೆ ದಂಡೆಯ ಮೇಲಿನ ಕೇದಿಗೆ, ವಾಟೆ ಬಿದಿರು, ಹೊಂಗೆ, ನೇರಳೆ, ಹೊಳೆಮತ್ತಿ ಇವು ಹಳ್ಳದ ಸ್ವಂತ ಕಾವಲುಗಾರರು. ಬೇರಿನಿಂದ ದಂಡೆ ಹಿಡಿದಿವೆ, ನೆರಳಿನಿಂದ ನೀರನ್ನು ತಂಪಾಗಿಟ್ಟಿವೆ. ಇವನ್ನು ಸವರಿ ಹಳ್ಳವನ್ನು ‘ಚೊಕ್ಕಟ’ ಮಾಡಿದ ಫೋಟೊ ಚೆನ್ನಾಗಿ ಬರುತ್ತದೆ, ಮರುವರ್ಷ ದಂಡೆಯೇ ಇರುವುದಿಲ್ಲ.

ಈಗ ಜೆಸಿಬಿ. ಇದರ ಬಗ್ಗೆ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಹಳ್ಳದ ಪುನಶ್ಚೇತನ ಎಂದೊಡನೆ ಮೊದಲು ನೆನಪಾಗುವುದು ಅದೇ. ಮಳೆ ನಿಂತ ಮೇಲೂ ಹಳ್ಳದಲ್ಲಿ ನೀರು ಹರಿಯುತ್ತದಲ್ಲ, ಅದು ಎಲ್ಲಿಯದು? ಎರಡೂ ಬದಿಯ ಗದ್ದೆ, ತೋಟ, ಗುಡ್ಡದ ನೆಲದೊಳಗೆ ಇಂಗಿದ ನೀರು ನಿಧಾನವಾಗಿ ಒಸರಿ ಬರುವುದು. ನೆಲದೊಳಗಿನ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಮೇಲಿರುವವರೆಗೆ ಹಳ್ಳ ಹರಿಯುತ್ತದೆ. ತಳವನ್ನು ಆರಡಿ ಅಗೆದರೆ ಏನಾಗುತ್ತದೆ? ಸುತ್ತಲಿನ ನೆಲದ ನೀರು ಆ ಆಳಕ್ಕೆ ಬಸಿದು ಬೇಗ ಹೊರಬರುತ್ತದೆ. ಹಳ್ಳದಲ್ಲಿ ನೀರು ಹೆಚ್ಚಾದಂತೆ ಕಾಣುತ್ತದೆ, ಉದ್ಘಾಟನೆಗೆ ಬಂದವರು ಮೆಚ್ಚುತ್ತಾರೆ. ಆದರೆ ಅದು ಪಕ್ಕದ ಬಾವಿಯ ಏಪ್ರಿಲ್ ತಿಂಗಳ ನೀರು, ಜನವರಿಯಲ್ಲೇ ಖರ್ಚಾಗಿ ಹೋಗುತ್ತದೆ. ತಳದಲ್ಲಿದ್ದ ಮರಳಿನ ಪದರವೂ ಹೋದರೆ ನೀರು ಹಿಡಿದಿಡುವ ಜಾಗವೇ ಇಲ್ಲವಾಗುತ್ತದೆ. ತಿರುವುಗಳನ್ನು ನೇರ ಮಾಡಿದರೆ ಹರಿವಿನ ವೇಗ ಏರುತ್ತದೆ, ವೇಗ ಏರಿದರೆ ದಂಡೆ ಕೊರೆಯುತ್ತದೆ, ಕೊರೆದ ಮಣ್ಣು ಕೆಳಗಿನ ಕೆರೆಗೆ.

‘ಕೊಪ್ಪಳದಲ್ಲಿ ಮಾಡಲಿಲ್ಲವೇ?’ ಎಂಬ ಪ್ರಶ್ನೆ ಬರುತ್ತದೆ. ಬರಬೇಕಾದ ಪ್ರಶ್ನೆಯೇ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಸ್ವಚ್ಛ ಮಾಡಿಸಿದರು. ಜನ ದುಡ್ಡು ಕೊಟ್ಟರು, ಯಂತ್ರ ಕೊಟ್ಟರು, ತಾವೇ ಬಂದು ದುಡಿದರು. ಒಂದು ಹಳ್ಳಕ್ಕಾಗಿ ಅಷ್ಟು ಜನ ಸೇರಿದ್ದು ಕರ್ನಾಟಕದ ಇತ್ತೀಚಿನ ಇತಿಹಾಸದಲ್ಲಿ ದೊಡ್ಡ ಸಂಗತಿ, ಅದರಿಂದ ಕಲಿಯುವುದು ಬಹಳವಿದೆ. ಆದರೆ ಅದು ಬಯಲುಸೀಮೆಯ ಹಳ್ಳ. ಅಲ್ಲಿ ಹರಿವಿಗೆ ಅಡ್ಡಲಾದದ್ದು ಹೂಳು ಮತ್ತು ಜಾಲಿ. ನಮ್ಮಲ್ಲಿ ಹರಿವನ್ನು ಹಿಡಿದಿಟ್ಟಿರುವುದೇ ಗಿಡಮರ. ಅಲ್ಲಿನ ಜನಬಲವನ್ನು ಇಲ್ಲಿಗೆ ತರಬಹುದು, ಅಲ್ಲಿನ ಯಂತ್ರದ ಲೆಕ್ಕವನ್ನು ಹಾಗೇ ತರಲಾಗದು. ಸೊರಬಕ್ಕೆ ಹತ್ತಿರದ ಶಿರಸಿಯಲ್ಲಿ ಶ್ರೀನಿವಾಸ ಹೆಬ್ಬಾರರ ಮುಂದಾಳತ್ವದ ಜೀವಜಲ ಕಾರ್ಯಪಡೆ ಪಟ್ಟಣದ ಕೆರೆಗಳನ್ನು ಒಂದೊಂದಾಗಿ ಎತ್ತಿಕೊಂಡಿತು. ನಮ್ಮಂಥ ನೆಲ, ನಮ್ಮಂಥ ಮಳೆ, ಸರ್ಕಾರದ ಹಣಕ್ಕೆ ಕಾಯದ ವರ್ತಕರು ಮತ್ತು ಊರವರು. ಹೋಗಿ ನೋಡಿ ಬರಲು ಒಂದೇ ದಿನ ಸಾಕು.

ಇನ್ನೂ ಕಡಿಮೆ ಖರ್ಚಿನ ಮಾದರಿ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕಟ್ಟಗಳು. ಮಳೆಗಾಲ ಮುಗಿದು ಹರಿವು ಇಳಿಯುವ ಹೊತ್ತಿಗೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ತಾತ್ಕಾಲಿಕ ಒಡ್ಡು ಹಾಕುವುದು. ಮುಂಗಾರಿನ ಮೊದಲ ನೆರೆಗೆ ಅದು ದಾರಿ ಬಿಡುತ್ತದೆ. ನೀರು ನಿಂತಷ್ಟೂ ದಿನ ಮೇಲ್ಭಾಗದ ಬಾವಿ, ತೋಟಗಳಿಗೆ ತೇವ. ಪತ್ರಕರ್ತ ಶ್ರೀಪಡ್ರೆಯವರು ಇದನ್ನು ದಶಕಗಳಿಂದ ಬರೆದು, ಮರೆಯುತ್ತಿದ್ದ ಜನಕ್ಕೆ ನೆನಪಿಸಿದರು. ನಮ್ಮಲ್ಲಿ ಸಿಮೆಂಟ್ ಚೆಕ್‌ಡ್ಯಾಂ ಕಟ್ಟಿ ಮರೆತುಬಿಡುತ್ತೇವೆ. ಹಲಗೆ ಹಾಕುವವರಿಲ್ಲದೆ ನೀರು ಹರಿದು ಹೋಗುತ್ತದೆ. ವರ್ಷಕ್ಕೊಮ್ಮೆ ಕೈಯಾರೆ ಕಟ್ಟಬೇಕಾದ ಕಟ್ಟವೇ ವಾಸಿ. ಅದಕ್ಕಾಗಿ ಊರು ವರ್ಷಕ್ಕೊಮ್ಮೆಯಾದರೂ ಹಳ್ಳಕ್ಕೆ ಇಳಿಯುತ್ತದೆ.

ಹಳ್ಳದ ಮೂಲಕ್ಕೆ ಹೋದರೆ ಕಾನು ಸಿಗುತ್ತದೆ. 1868ರಲ್ಲಿ ಅರಣ್ಯಾಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿ ಬರೆದು 171 ಕಾನುಗಳನ್ನು ಲೆಕ್ಕಕ್ಕೆ ತಂದರು. ಒಟ್ಟು ವಿಸ್ತೀರ್ಣ 32 ಸಾವಿರ ಎಕರೆಗೂ ಮೇಲೆ. ಮೆಣಸು, ಬೈನೆ ಬೆಳೆಯುವ, ದೇವರಿರುವ, ಕೊಡಲಿ ಹಾಕಬಾರದ ನಿತ್ಯಹಸಿರಿನ ಕಾಡುಗಳವು. ತರಗೆಲೆಯ ಹಾಸಿನ ಮೇಲೆ ಬಿದ್ದ ಮಳೆ ನಿಂತು ಇಂಗುತ್ತಿತ್ತು, ಕಾನಿನ ಬುಡದ ಗದ್ದೆಗೆ ಜಲ ಬತ್ತುತ್ತಿರಲಿಲ್ಲ. ಆಮೇಲೆ ಕಾನು ಕರಗಿತು. ಮರಮುಟ್ಟಿಗೆ ಹೋಯಿತು, ಸಾಗುವಳಿಗೆ ಹೋಯಿತು. ಜಿಲ್ಲೆಯ ಸಾವಿರಾರು ಎಕರೆಯಲ್ಲಿ ಕಾಗದದ ಕಾರ್ಖಾನೆಗಾಗಿ ಅಕೇಶಿಯಾ ಎದ್ದಿತು. 2020ರಲ್ಲಿ ಕಾರ್ಖಾನೆಗೆ ಕೊಟ್ಟ ಆ ನೆಲದ ಗುತ್ತಿಗೆ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಶಿವಮೊಗ್ಗದ ಜನ ಬೀದಿಗಿಳಿದದ್ದು ಬರಿಯ ಮರದ ಜಗಳವಾಗಿರಲಿಲ್ಲ, ನೀರಿನ ಜಗಳವೂ ಆಗಿತ್ತು. ಹಳ್ಳ ನೋಡಿಕೊಳ್ಳುವ ಸ್ವಯಂಸೇವಕರ ಗುಂಪು ಸೇತುವೆಯ ಕೆಳಗೆ ಕಸ ಹೆಕ್ಕುವಷ್ಟೇ ಮುಖ್ಯವಾಗಿ ಮೂಲದ ಕಾನಿನ ಮೇಲೂ ಕಣ್ಣಿಡಬೇಕು.

ಒಂದು ಎಚ್ಚರಿಕೆ. ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಕಾಡು ಇರುವುದು ಸೊರಬ ತಾಲ್ಲೂಕಿನಲ್ಲೇ, 1957ರಲ್ಲಿ ರೋಗ ಪತ್ತೆಯಾದದ್ದು ಅಲ್ಲೇ. ಶ್ರಮದಾನಕ್ಕೆ ಅನುಕೂಲವಾದ ಡಿಸೆಂಬರ್‌ನಿಂದ ಮೇವರೆಗಿನ ಕಾಲವೇ ಆ ರೋಗ ಹರಡುವ ಉಣುಗಿನ ಕಾಲವೂ ಹೌದು. ಕಾಡಂಚಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ಕೊಳಕು ನೀರಿಗೆ ಇಳಿಯುವವರಿಗೆ ಬೂಟು, ಕೈಗವಸು ಬೇಕು. ಕಾಲಿನ ಗಾಯದಿಂದ ಇಲಿಜ್ವರ ಒಳಸೇರಬಹುದು. ಮಕ್ಕಳನ್ನು ಕಸ ಹೆಕ್ಕಲು ಇಳಿಸಲೇಬಾರದು.

ಮಕ್ಕಳಿಗೆ ಬೇರೆ ಕೆಲಸವಿದೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1969ರಲ್ಲಿ ಶುರುವಾದ ‘ಸೇವ್ ಅವರ್ ಸ್ಟ್ರೀಮ್ಸ್’ ಎಂಬ ಕಾರ್ಯಕ್ರಮ ಸಾಮಾನ್ಯ ಜನರಿಗೆ ಹಳ್ಳದ ಆರೋಗ್ಯ ನೋಡುವುದನ್ನು ಕಲಿಸಿತು. ವಿಧಾನ ಸರಳ: ಹರಿಯುವ ನೀರಿನಲ್ಲಿರುವ ಕಲ್ಲು ಮಗುಚಿ ಅದರ ಅಡಿಗೆ ಅಂಟಿರುವ ಹುಳುಗಳನ್ನು ನೋಡುವುದು. ಬಾಲಕ್ಕೆ ಎರಡು ಮೂರು ಎಳೆ ಕೂದಲಿರುವ ಚಪ್ಪಟೆ ಮರಿಗಳು, ಮರಳಿನ ಕಣ ಅಂಟಿಸಿ ಗೂಡು ಕಟ್ಟಿಕೊಂಡು ಒಳಗೆ ಕೂತಿರುವ ಹುಳು ಇವೆಲ್ಲ ಸಿಕ್ಕರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ. ಕೆಂಪು ದಾರದಂಥ ಹುಳು ಮಾತ್ರ ತುಂಬಿದ್ದರೆ ಮೇಲೆ ಕೊಳಚೆ ಸೇರುತ್ತಿದೆ. ಪ್ರಯೋಗಾಲಯ ಆ ಒಂದು ದಿನದ ನೀರಿನ ಸ್ಥಿತಿ ಹೇಳುತ್ತದೆ, ತಿಂಗಳುಗಟ್ಟಲೆ ಅಲ್ಲೇ ಬದುಕುವ ಹುಳುಗಳು ಹಿಂದಿನ ವಾರಗಳ ಕತೆಯನ್ನೂ ಹೇಳುತ್ತವೆ. ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು ಮನಸ್ಸು ಮಾಡಿದರೆ ಒಂದು ನೋಟ್‌ಬುಕ್ಕಿನಲ್ಲಿ ಇದು ಮುಗಿಯುವ ಕೆಲಸ.

ಮೀನಿನ ಲೆಕ್ಕವನ್ನು ಬೇರೆ ಯಾರೂ ಕಲಿಸಬೇಕಿಲ್ಲ. ಮೊದಲ ಮಳೆಗೆ ಹೊಸ ನೀರು ಇಳಿದಾಗ ಕೆರೆ-ಹೊಳೆಯ ಮೀನುಗಳು ಹರಿವಿಗೆ ಎದುರಾಗಿ ಹಳ್ಳ ಹತ್ತಿ ಗದ್ದೆಯವರೆಗೆ ಮೊಟ್ಟೆಯಿಡಲು ಬರುತ್ತವೆ. ಹತ್ತುಮೀನು ಹಿಡಿಯದ ಮಲೆನಾಡಿನ ಊರಿಲ್ಲ. ಹಾಗಾಗಿ ಹಳ್ಳದ ಕೆಲಸ ಏನಿದ್ದರೂ ಮೇ ಮಧ್ಯದೊಳಗೆ ಮುಗಿಯಬೇಕು. ಕೋಡಿಗೆ ಎತ್ತರದ ಸಿಮೆಂಟ್ ಗೋಡೆ ಎಬ್ಬಿಸಿ ಮೀನಿನ ದಾರಿ ಮುಚ್ಚಿದರೆ ಮುಂದಿನ ಕೆರೆಬೇಟೆಗೆ ಕೂಣಿ ಖಾಲಿ.

ಒತ್ತುವರಿಯ ಮಾತು ಬಂದಾಗ ಗುಂಪು ಒಡೆಯುತ್ತದೆ, ಏಕೆಂದರೆ ಒತ್ತಿದವರು ನೆಂಟರೇ. ಇಲ್ಲಿ ಬಾಯಿಮಾತಿಗಿಂತ ನಕ್ಷೆ ಒಳ್ಳೆಯದು. ಕಂದಾಯ ದಾಖಲೆಯಲ್ಲಿ ಹಳ್ಳ ‘ಬ’ ಖರಾಬು, ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ನೆಲ, ಯಾರ ಪಹಣಿಯ ಪಕ್ಕದಲ್ಲಿದ್ದರೂ ಅವರದಲ್ಲ. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಹಿಡಿದು ದಂಡೆಯ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ತೋರಿಸುತ್ತದೆ. ಅಂತಿಮ ಗಡಿ ಸರ್ವೆಯರ್ ಬಂದೇ ಗುರುತಿಸಬೇಕು. ಆದರೆ ಮೊದಲು ಊರೇ ಕೂತು ನಕ್ಷೆ ನೋಡಿದರೆ ಅರ್ಧ ಜಗಳ ತಹಸೀಲ್ದಾರರ ಕಚೇರಿಗೆ ಹೋಗುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹಳ್ಳದ ಹೆಸರು, ಮೂಲ, ಮೀನು, ದಂಡೆಯ ಮರ ಎಲ್ಲವನ್ನೂ ಅದರ ದಾಖಲೆಗೆ ಸೇರಿಸಬಹುದು.

ಇಷ್ಟೆಲ್ಲ ಯಾಕೆ, ಏತ ನೀರಾವರಿ ಬಂದಿದೆಯಲ್ಲ ಎನ್ನುವವರಿದ್ದಾರೆ. ಉಡುಗಣಿ-ತಾಳಗುಂದ-ಹೊಸೂರು ಯೋಜನೆ ಶಿಕಾರಿಪುರದ ಕೆರೆಗಳಿಗೆ, ಮೂಡಿ ಮತ್ತು ಮೂಗೂರು ಯೋಜನೆಗಳು ಸೊರಬದ ಕೆರೆಗಳಿಗೆ ನೀರು ಎತ್ತಿ ತರಲೆಂದೇ ಬಂದವು. ಪೂರ್ವದ ಒಣ ಹೋಬಳಿಗಳಿಗೆ ಅದರ ಅಗತ್ಯವಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಪಂಪಿನಿಂದ ಎತ್ತಿದ ಪ್ರತಿ ಲೀಟರಿಗೂ ಕರೆಂಟ್ ಬಿಲ್ಲಿದೆ. ಹಾಗೆ ತಂದ ನೀರನ್ನು ಹೂಳು ತುಂಬಿದ ಕೆರೆಗೆ ಸುರಿದು, ಪಕ್ಕದಲ್ಲೇ ಪುಕ್ಕಟೆ ಇಳಿಯುತ್ತಿದ್ದ ಹಳ್ಳವನ್ನು ಸಿಪ್ಪೆ ಹಾಕಿ ಮುಚ್ಚುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ದೊಡ್ಡ ಯೋಜನೆ ಬೇಡ. ನಿಮ್ಮೂರಿನ ಒಂದು ಕೆರೆಯ ಕೋಡಿಯಿಂದ ಕೆಳಗಿನ ಕೆರೆಯವರೆಗಿನ ಹಳ್ಳವನ್ನು ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅದರ ಉದ್ದಕ್ಕೂ ನಡೆಯಿರಿ. ಎಲ್ಲಿ ಕಸ, ಎಲ್ಲಿ ಕುಸಿತ, ಎಲ್ಲಿ ಚರಂಡಿ ಸೇರುತ್ತದೆ ಎಂದು ಬರೆದಿಡಿ. ಮುಂದಿನ ಗ್ರಾಮಸಭೆಯಲ್ಲಿ ಆ ಹಳ್ಳದ ಹೆಸರು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದನ್ನು ನೋಡಿಕೊಳ್ಳುವವರ ಹೆಸರನ್ನೂ ಅದರ ಕೆಳಗೆ ಬರೆಸಿ. ಜೆಸಿಬಿ ತರುವುದು ಬೇಕೋ ಬೇಡವೋ ಎಂಬ ಚರ್ಚೆ ಅದಾದ ಮೇಲೆ ಆಗಲಿ.